ಎರಡು ವಯಸ್ಸಿನ ಓದುಗ: ಮಕ್ಕಳ ಪುಸ್ತಕಗಳು ಮತ್ತು ಹೊರನಾಡಿನ ಕನ್ನಡ ಶಿಕ್ಷಕ

(ಸಂಘದ ಭಾನುವಾರದ ಕನ್ನಡ ತರಗತಿಗಳ ಶಿಕ್ಷಕರಿಗಾಗಿ ಪುಣೆಯಲ್ಲಿ ನಡೆದ ತರಬೇತಿ ಶಿಬಿರದ ಸಮಾರೋಪದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಸಮಾರೋಪ ಭಾಷಣವನ್ನು ಸಾಮಾನ್ಯವಾಗಿ ಊರಿನಿಂದ ಕರೆಸಿದ ಸಾಹಿತಿಗಳು ಮಾಡುವುದು ನಮ್ಮ ಸಂಘಗಳ ವಾಡಿಕೆ. ಈ ಸಲ ಆ ವಾಡಿಕೆಯನ್ನು ಮುರಿದು, ತರಬೇತಿ ಪಡೆದವರಲ್ಲೇ ಒಬ್ಬರು ಮಾತನಾಡಬೇಕೆಂದು ಅಧ್ಯಕ್ಷರು ಅಪೇಕ್ಷಿಸಿದ್ದಾರೆ. ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ಮೂರು ದಶಕಗಳಿಂದ ಕಡತಗಳ ಮೇಲೆ ಟಿಪ್ಪಣಿ ಬರೆಯುತ್ತಿರುವ, ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಪಡೆದು ಅದನ್ನು ಕಚೇರಿಯಲ್ಲಿ ಎಂದೂ ಬಳಸದ ಒಬ್ಬ ಅಧಿಕಾರಿಗೆ ಐವತ್ತು ದಾಟಿದ ಮೇಲೆ 'ಶಿಕ್ಷಕ ವಿದ್ಯಾರ್ಥಿ' ಎಂಬ ಬಿರುದು ಸಿಕ್ಕಿತು. ಇಂದು ನಾನು ಮಾತನಾಡುವುದು ಆ ಬಿರುದಿನ ಆಧಾರದ ಮೇಲೆ ಮಾತ್ರ.

ಶಿಬಿರದ ನಿಯಮಗಳಲ್ಲಿ ಒಂದು ನಿಮಗೆಲ್ಲ ನೆನಪಿರಬಹುದು. ಮಕ್ಕಳ ಎದುರು ನಿಲ್ಲುವ ಮೊದಲು ಪ್ರತಿಯೊಬ್ಬ ಶಿಕ್ಷಕನೂ ಮೂವತ್ತು ಮಕ್ಕಳ ಪುಸ್ತಕಗಳನ್ನು ಓದಬೇಕು. ಓದಿದ್ದರ ಬಗ್ಗೆ ಒಂದೊಂದು ಪುಟ ಬರೆದಿಡಬೇಕು. ವ್ಯಾಕರಣದ ಪಾಠಕ್ಕಿಂತ, ವರ್ಣಮಾಲೆಯ ಪಟಗಳಿಗಿಂತ ನಮ್ಮ ಹಿರಿಯ ಶಿಕ್ಷಕರು ಈ ನಿಯಮಕ್ಕೇ ಹೆಚ್ಚು ಒತ್ತು ಕೊಟ್ಟರು. ಆ ಓದು ನನಗೆ ಏನನ್ನು ಕಲಿಸಿತು ಎಂಬುದೇ ಇಂದಿನ ನನ್ನ ವಿಷಯ.

ವಯಸ್ಕನೊಬ್ಬ ಮಕ್ಕಳ ಪುಸ್ತಕವನ್ನು ಎರಡು ರೀತಿಯಲ್ಲಿ ಓದಬಹುದು. ತನ್ನ ಬಾಲ್ಯವನ್ನು ಮರಳಿ ಸವಿಯುವುದಕ್ಕಾಗಿ ಓದುವುದು ಒಂದು ರೀತಿ. ಅದರಲ್ಲಿ ಸುಖವಿದೆ, ಆದರೆ ಆ ಸುಖ ನಮ್ಮದು, ಮಗುವಿನದಲ್ಲ. ಇನ್ನೊಂದು ಶಿಕ್ಷಕನ ಓದು. ಈ ಪುಸ್ತಕ ಮಗುವಿನಿಂದ ಏನನ್ನು ಕೇಳುತ್ತದೆ, ಏನನ್ನು ಕೊಡುತ್ತದೆ, ಎಲ್ಲಿ ಅದರ ಕೈ ಹಿಡಿಯುತ್ತದೆ, ಎಲ್ಲಿ ಕೈ ಬಿಡುತ್ತದೆ ಎಂದು ಪುಟಪುಟಕ್ಕೂ ಕೇಳಿಕೊಳ್ಳುತ್ತ ಓದುವುದು. ಮೊದಲನೆಯದು ಸ್ಮರಣೆ, ಎರಡನೆಯದು ಸಿದ್ಧತೆ. ನಾವು ಇಲ್ಲಿ ಕಲಿತದ್ದು ಎರಡನೆಯದನ್ನು.

ಈ ದೃಷ್ಟಿಯಿಂದ ನೋಡಿದಾಗ ಕನ್ನಡದ ಮಕ್ಕಳ ಸಾಹಿತ್ಯದ ಇತಿಹಾಸವೇ ಬೇರೆ ಬೆಳಕಿನಲ್ಲಿ ಕಾಣಿಸುತ್ತದೆ. ಅದನ್ನು ಕಟ್ಟಿದವರಲ್ಲಿ ಹಲವರು ಸಾಹಿತ್ಯವನ್ನು ಸೃಷ್ಟಿಸಲು ಹೊರಟವರಲ್ಲ, ಪಾಠ ಹೇಳಲು ಹೊರಟವರು. ಪಂಜೆ ಮಂಗೇಶರಾಯರು (1874–1937) ಶಾಲೆಗಳ ಇನ್ಸ್‌ಪೆಕ್ಟರರಾಗಿದ್ದರು. ಹಳ್ಳಿಯ ಶಾಲೆಗಳಲ್ಲಿ ಮಕ್ಕಳು ಏನನ್ನು ಓದುತ್ತಾರೆ, ಯಾವುದಕ್ಕೆ ಆಕಳಿಸುತ್ತಾರೆ ಎಂಬುದನ್ನು ಕಣ್ಣಾರೆ ಕಂಡವರು. ಕವಿಶಿಷ್ಯ ಎಂಬ ಕಾವ್ಯನಾಮದಲ್ಲಿ ಅವರು ಬರೆದ ಪದ್ಯಗಳಲ್ಲಿಯೂ, ಕೋಳಿ, ಇಲಿ, ಕರಡಿಗಳ ಕಥೆಗಳಲ್ಲಿಯೂ ಶಬ್ದ ಮೊದಲು ಕಿವಿಗೆ ಬೀಳುತ್ತದೆ, ಅರ್ಥ ಅದರ ಹಿಂದೆ ನಗುತ್ತ ಬರುತ್ತದೆ. ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ. ಮೂರನೆಯ ಸಲ ಬರುವಷ್ಟರಲ್ಲಿ ಮಗು ಅದನ್ನು ಶಿಕ್ಷಕನಿಗಿಂತ ಮೊದಲೇ ಹೇಳಿಬಿಡುತ್ತದೆ. ಭಾಷೆ ಕಲಿಯುವ ಮಗುವಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇರೆ ಇಲ್ಲ.

ಪಂಜೆಯವರ ವಿಷಯದಲ್ಲಿ ನಾವು ಹೊರನಾಡಿನವರು ವಿಶೇಷವಾಗಿ ನೆನಪಿಡಬೇಕಾದ ಸಂಗತಿಯೊಂದಿದೆ. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ, ಕನ್ನಡ ಶಿಶುಸಾಹಿತ್ಯಕ್ಕೆ ತಳಪಾಯ ಹಾಕಿದ ಈ ಮಹನೀಯರ ಮನೆಮಾತು ಕೊಂಕಣಿ. ನಮ್ಮ ಸಂಘದ ಸದಸ್ಯರ ಪಟ್ಟಿಯನ್ನು ಒಮ್ಮೆ ನೋಡಿ. ಮನೆಯಲ್ಲಿ ತುಳು ಆಡುವವರು, ಕೊಂಕಣಿ ಆಡುವವರು, ಬ್ಯಾರಿ ಆಡುವವರು, ಧಾರವಾಡ-ವಿಜಯಪುರದ ಕನ್ನಡ ಆಡುವವರು, ಮೈಸೂರಿನ ಕನ್ನಡ ಆಡುವವರು ಎಲ್ಲರೂ ಇದ್ದಾರೆ. 'ನಮ್ಮ ಮನೆಯಲ್ಲಿ ಕನ್ನಡವೇ ಇಲ್ಲ, ಮಕ್ಕಳಿಗೆ ಕನ್ನಡ ಪುಸ್ತಕ ಹೇಗೆ ಹತ್ತಬೇಕು?' ಎಂದು ಕೇಳುವ ಪೋಷಕರಿಗೆ ಪಂಜೆಯವರ ಬದುಕೇ ಉತ್ತರ. ಕನ್ನಡ ಬರಿಯ ಮನೆಮಾತಾಗಿ ಬೆಳೆದ ಭಾಷೆಯಲ್ಲ. ಬೇರೆ ಬೇರೆ ಮನೆಮಾತಿನವರು ಒಂದು ಅಂಗಳದಲ್ಲಿ ಕೂಡಿ ಓದಿ, ಬರೆದು, ಹಾಡಿ ಬೆಳೆಸಿದ ಭಾಷೆ ಅದು. ಮನೆಯಲ್ಲಿ ಮರಾಠಿಯಾಡುತ್ತಿದ್ದ, ಇದೇ ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಓದಿದ ಬೇಂದ್ರೆಯವರ ಹೆಸರನ್ನು ನಾನು ಈ ಸಭೆಯಲ್ಲಿ ವಿವರಿಸಬೇಕಾಗಿಲ್ಲ.

ಜಿ.ಪಿ. ರಾಜರತ್ನಂ ಅವರ ದಾರಿ ಇನ್ನೂ ಸ್ವಾರಸ್ಯಕರ. ಉನ್ನತ ವ್ಯಾಸಂಗ ಮಾಡಿದ ತರುಣ ತುಮಕೂರಿನಲ್ಲಿ ಪುಟ್ಟ ಮಕ್ಕಳ ಎದುರು ನಿಲ್ಲಬೇಕಾಗಿ ಬಂದಾಗ, ಪಠ್ಯದ ಪದ್ಯಗಳು ಮಕ್ಕಳಿಗೆ ರುಚಿಸದುದನ್ನು ಕಂಡು ತಾವೇ ಬರೆಯತೊಡಗಿದರು. 'ತುತ್ತೂರಿ'ಯ ಪದ್ಯಗಳು ಹುಟ್ಟಿದ್ದು ಆ ಅಗತ್ಯದಿಂದ. ಜಂಬ ಪಡುವ ಹುಡುಗನ ತುತ್ತೂರಿ ನೀರಿಗೆ ಬೀಳುತ್ತದೆ, ಮಗು ನಗುತ್ತದೆ. ನೀತಿ ಬೇರೆ ಬಾಗಿಲಿನಿಂದ ಬರುವುದಿಲ್ಲ, ಆ ನಗುವಿನ ಜೊತೆಗೇ ಒಳಗೆ ಬರುತ್ತದೆ. ಪದ್ಯ ಬರೆಯುವ ಶಕ್ತಿ ನಮಗೆಲ್ಲ ಇರಬೇಕಾಗಿಲ್ಲ. ಆದರೆ ಮಗುವಿನ ಮುಖವನ್ನು ನೋಡಿ ಪಠ್ಯವನ್ನು ಬದಲಿಸುವ ಧೈರ್ಯವಾದರೂ ಇರಬೇಕು. ರಾಜರತ್ನಂ ಶಿಕ್ಷಕರಿಗೆ ಬಿಟ್ಟುಹೋದ ಆಸ್ತಿ ಅದು.

1920ರ ದಶಕದಲ್ಲಿ ಕುವೆಂಪು ಬ್ರೌನಿಂಗನ ಕವಿತೆಯೊಂದನ್ನು ಕನ್ನಡದ ನೆಲಕ್ಕೆ ತಂದು 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಬರೆದರು. ಅದನ್ನು ನಾವು ಇಲಿಗಳ ಮೋಜಿನ ಕಥೆಯೆಂದು ಮಾತ್ರ ನೆನಪಿಟ್ಟುಕೊಂಡಿದ್ದೇವೆ. ಶಿಕ್ಷಕನಾಗಿ ಓದಿದಾಗ ಅದರ ಎರಡನೆಯ ಭಾಗ ಎದೆಗೆ ತಟ್ಟುತ್ತದೆ. ಊರಿನ ಹಿರಿಯರು ಕೊಟ್ಟ ಮಾತಿಗೆ ತಪ್ಪುತ್ತಾರೆ. ಅದರ ಬೆಲೆಯನ್ನು ತೆರುವವರು ಮಕ್ಕಳು. ಮಕ್ಕಳ ಸಾಹಿತ್ಯ ಎಂದರೆ ಕತ್ತಲೆಯನ್ನು ಮರೆಮಾಚುವ ಸಾಹಿತ್ಯ ಎಂದು ತಿಳಿದವರು ಈ ಕವಿತೆಯನ್ನು ಮತ್ತೊಮ್ಮೆ ಓದಬೇಕು. ದೊಡ್ಡವರ ವಚನಭಂಗವನ್ನು ಇಷ್ಟು ನೇರವಾಗಿ ಮಕ್ಕಳಿಗೆ ಹೇಳಿದ ಕೃತಿಗಳು ನಮ್ಮಲ್ಲಿ ಹೆಚ್ಚಿಲ್ಲ. ಅಷ್ಟಾಗಿಯೂ ಮಕ್ಕಳು ಅದನ್ನು ಹೆದರದೆ, ಕುಣಿಯುತ್ತ ಓದುತ್ತಾರೆ.

ನಾಲ್ಕನೆಯ ಹೆಸರು ಶಿವರಾಮ ಕಾರಂತರದು. 1936ರಲ್ಲಿ ಅವರು ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಹೊರತಂದರು. ಒಬ್ಬ ವ್ಯಕ್ತಿ ಮಕ್ಕಳಿಗಾಗಿ ಒಂದು ವಿಶ್ವಕೋಶವನ್ನು ಬರೆಯುವುದೆಂದರೆ ಅದರ ಹಿಂದೆ ಒಂದು ನಂಬಿಕೆ ಇರಬೇಕು: ಜಗತ್ತಿನ ಯಾವ ವಿಷಯವೂ ಮಗುವಿಗೆ ಹೇಳಲಾರದಷ್ಟು ಕಷ್ಟವಲ್ಲ, ಕನ್ನಡದಲ್ಲಿ ಹೇಳಲಾರದಷ್ಟು ದೊಡ್ಡದೂ ಅಲ್ಲ ಎಂಬ ನಂಬಿಕೆ. ಆಮೇಲೆ ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳಲ್ಲಿ ಬಂದ ಕಿರಿಯರ ವಿಶ್ವಕೋಶ 'ಜ್ಞಾನಗಂಗೋತ್ರಿ' ಅದೇ ನಂಬಿಕೆಯ ಮುಂದುವರಿಕೆ. ಇಂದು ನಮ್ಮ ಮಕ್ಕಳಿಗೆ ಮಾಹಿತಿಯ ಕೊರತೆಯಿಲ್ಲ. ಅಂಗೈಯ ಫೋನಿನಲ್ಲಿ ಎಲ್ಲವೂ ಇದೆ. ಆದರೆ 'ಈ ವಿಷಯವನ್ನು ನಿನಗಾಗಿ, ನಿನ್ನ ಭಾಷೆಯಲ್ಲಿ, ನಿನ್ನ ಪಕ್ಕದಲ್ಲಿ ಕುಳಿತು ಹೇಳುತ್ತಿದ್ದೇನೆ' ಎನ್ನುವ ದನಿ ಆ ಫೋನಿನಲ್ಲಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಕನ್ನಡದ ಮಕ್ಕಳ ಓದು ಕರ್ನಾಟಕದೊಳಗೇ ರೂಪುಗೊಂಡಿತು ಎಂಬ ಭಾವನೆ ಪೂರ್ತಿ ನಿಜವಲ್ಲ. 1947ರ ಜುಲೈನಲ್ಲಿ ಮದರಾಸಿನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾದ 'ಚಂದಮಾಮ' 1949ರಲ್ಲಿ ಕನ್ನಡಕ್ಕೆ ಬಂತು. ಎರಡು ಮೂರು ತಲೆಮಾರಿನ ಕನ್ನಡಿಗರಿಗೆ ಓದುವ ಹುಚ್ಚು ಹಿಡಿಸಿದ ಆ ಪತ್ರಿಕೆ ಅಚ್ಚಾಗಿ ಬರುತ್ತಿದ್ದುದು ಹೊರನಾಡಿನಿಂದ. 'ಅಮರ ಚಿತ್ರಕಥೆ'ಯ ಹಿಂದಿನ ಕಥೆಯೂ ಹಾಗೆಯೇ. ಆ ಮಾಲೆಯ ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಿನ್ನರ ಕಥೆಗಳ ಕನ್ನಡ ರೂಪಗಳಾಗಿ 1965ರಲ್ಲಿ ಬೆಂಗಳೂರಿನಲ್ಲಿ ಬಂದವು. 1967ರಿಂದ ಭಾರತೀಯ ಕಥೆಗಳೊಂದಿಗೆ ಅದನ್ನು ಮುಂಬಯಿಯಲ್ಲಿ ಬೆಳೆಸಿದ ಅನಂತ ಪೈಯವರು ಹುಟ್ಟಿದ್ದು ಕಾರ್ಕಳದಲ್ಲಿ. ಊರಿನಿಂದ ಹೊರಗೆ ಬಂದವರು ಬರಿಯ ಪಡೆಯುವವರಲ್ಲ, ಕೊಟ್ಟವರೂ ಹೌದು. 'ಚಂದಮಾಮ' 2013ರ ಹೊತ್ತಿಗೆ ನಿಂತುಹೋಯಿತು. ಅದು ತೆರವು ಮಾಡಿದ ಜಾಗವನ್ನು ತುಂಬುವ ಹೊಣೆ ಕರ್ನಾಟಕದವರದಷ್ಟೇ ಎಂದು ನಾವು ಸುಮ್ಮನಿರುವುದು ಸರಿಯಲ್ಲ.

ಬಂಧುಗಳೆ, ಇಷ್ಟು ಹೊತ್ತು ಪರಂಪರೆಯ ಮಾತಾಯಿತು. ಈಗ ನಮ್ಮ ತರಗತಿಗೆ ಬರೋಣ.

ನಮ್ಮ ಭಾನುವಾರದ ತರಗತಿಗೆ ಬರುವ ಹದಿಮೂರು ವರ್ಷದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಶಾಲೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ವಿಜ್ಞಾನವನ್ನು ಓದುತ್ತಾಳೆ, ಮರಾಠಿಯಲ್ಲಿ ಶಿವಾಜಿಯ ಚರಿತ್ರೆಯನ್ನು ಕೇಳುತ್ತಾಳೆ, ಗೆಳತಿಯರೊಡನೆ ಹಿಂದಿಯಲ್ಲಿ ಜಗಳವಾಡುತ್ತಾಳೆ. ಜಗತ್ತಿನ ಅನ್ಯಾಯಗಳ ಬಗ್ಗೆ, ತನ್ನ ದೇಹದ ಬಗ್ಗೆ, ಅಪ್ಪ ಅಮ್ಮನ ನಡುವಿನ ಮೌನದ ಬಗ್ಗೆ ಅವಳಿಗೆ ನೂರು ಪ್ರಶ್ನೆಗಳಿವೆ. ಆದರೆ ಕನ್ನಡದ ಓದಿನಲ್ಲಿ ಆಕೆ ಏಳು ವರ್ಷದ ಮಗು. ಒತ್ತಕ್ಷರ ಬಂದರೆ ನಿಲ್ಲುತ್ತಾಳೆ. ಉದ್ದ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲನ್ನು ಮರೆಯುತ್ತಾಳೆ. ಅಂದರೆ ಈ ಓದುಗಳಿಗೆ ಎರಡು ವಯಸ್ಸು. ಮನಸ್ಸಿನ ವಯಸ್ಸು ಹದಿಮೂರು, ಕನ್ನಡದ ವಯಸ್ಸು ಏಳು.

ಇಂಥ ಮಗುವಿನ ಕೈಗೆ ಯಾವ ಪುಸ್ತಕವನ್ನು ಕೊಡಬೇಕು? ಏಳರ ವಯಸ್ಸಿನ ಪುಸ್ತಕವನ್ನು ಕೊಟ್ಟರೆ, ಇಲಿ ಮರಿಯ ಕಥೆ ಅವಳಿಗೆ ಅವಮಾನವೆನಿಸುತ್ತದೆ. ಹದಿಮೂರರ ಪುಸ್ತಕವನ್ನು ಕೊಟ್ಟರೆ ಎರಡನೆಯ ಪುಟದಲ್ಲಿ ಸೋತು ಕೆಳಗಿಡುತ್ತಾಳೆ. ಅವಮಾನ ಮತ್ತು ಸೋಲು, ಇವೆರಡರ ನಡುವೆ ಇಕ್ಕಟ್ಟಿಗೆ ಸಿಕ್ಕ ಮಗು ಕನ್ನಡವನ್ನು ಬಿಡುವುದು ಸಹಜ. ನಾವು ಅದನ್ನು 'ಆಸಕ್ತಿ ಇಲ್ಲ', 'ಈಗಿನ ಮಕ್ಕಳಿಗೆ ಅಭಿಮಾನವಿಲ್ಲ' ಎಂದು ದಾಖಲು ಮಾಡಿಕೊಳ್ಳುತ್ತೇವೆ. ಸರ್ಕಾರಿ ಕಡತದ ಭಾಷೆಯಲ್ಲಿ ಹೇಳುವುದಾದರೆ ಅದು ತಪ್ಪು ಶೀರ್ಷಿಕೆಯಡಿ ದಾಖಲಾದ ಪ್ರಕರಣ. ಆ ಮಗು ಕನ್ನಡವನ್ನು ನಿರಾಕರಿಸಿಲ್ಲ; ತನ್ನನ್ನು ಚಿಕ್ಕದು ಮಾಡುವ ಪುಸ್ತಕವನ್ನು ನಿರಾಕರಿಸಿದೆ, ಅಷ್ಟೆ.

ಮೂವತ್ತು ಪುಸ್ತಕಗಳನ್ನು ಓದಿ ನಾನು ಬರೆದಿಟ್ಟ ಪುಟಗಳಲ್ಲಿ ಮತ್ತೆ ಮತ್ತೆ ಬಂದ ಟಿಪ್ಪಣಿ ಇದೇ. ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಕನ್ನಡದಲ್ಲಿ ಒಳ್ಳೆಯ ಸಾಮಗ್ರಿ ಸಾಕಷ್ಟಿದೆ. ವಯಸ್ಕರಿಗೆ ಭಾರತದ ಯಾವ ಭಾಷೆಗೂ ಕಡಿಮೆಯಲ್ಲದ ಸಾಹಿತ್ಯವಿದೆ. ಇವೆರಡರ ನಡುವಿನ ಹನ್ನೊಂದರಿಂದ ಹದಿನಾರರವರೆಗಿನ ಸೇತುವೆ ಮಾತ್ರ ಕಿರಿದು. ಕರ್ನಾಟಕದ ಮಗು ಬೀದಿಯ ಫಲಕ, ಬಸ್ಸಿನ ಹೆಸರು, ಸಿನಿಮಾ ಪೋಸ್ಟರು ಓದುತ್ತ ಹೇಗೋ ಆ ಹೊಳೆಯನ್ನು ಈಜಿ ದಾಟುತ್ತದೆ. ನಮ್ಮ ಮಗುವಿನ ಬೀದಿಯಲ್ಲಿ ಕನ್ನಡದ ಫಲಕವಿಲ್ಲ. ಅದಕ್ಕೆ ಸೇತುವೆಯೇ ಬೇಕು.

ನಾವು ನೆಲೆಸಿರುವ ನಾಡಿನ ಭಾಷೆಯಿಂದ ಇಲ್ಲಿ ಕಲಿಯಬೇಕಾದುದು ಬಹಳ ಇದೆ. ಸಾನೆ ಗುರೂಜಿಯವರು 1933ರಲ್ಲಿ ನಾಸಿಕದ ಸೆರೆಮನೆಯಲ್ಲಿದ್ದಾಗ ಬರೆದ 'ಶ್ಯಾಮಚೀ ಆಯಿ' ತಾಯಿ ಮಗನ ಕಥೆ. ಅದನ್ನು ಹತ್ತು ವರ್ಷದವರೂ ಓದುತ್ತಾರೆ, ಎಪ್ಪತ್ತರವರೂ ಓದುತ್ತಾರೆ. ಭಾ.ರಾ. ಭಾಗವತರು ಸೃಷ್ಟಿಸಿದ 'ಫಾಸ್ಟರ್ ಫೆಣೆ' ಎಂಬ ಸಾಹಸಿ ಹುಡುಗ ಇದೇ ಪುಣೆಯ ಪಕ್ಕದ ಫುರಸುಂಗಿಯವನು. ಬೈಸಿಕಲ್ ಹತ್ತಿ ಸಾಹಸಕ್ಕೆ ಹೊರಡುವ ಆ ಹುಡುಗನ ಕಥೆಗಳನ್ನು ಮರಾಠಿ ಮಕ್ಕಳು ಹದಿಹರೆಯದವರೆಗೂ ಕೈಬಿಡಲಿಲ್ಲ. ಪಠ್ಯಪುಸ್ತಕಗಳಿಗಾಗಿ 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ 'ಬಾಲಭಾರತಿ' 1971ರಲ್ಲಿ 'ಕಿಶೋರ' ಎಂಬ ಮಾಸಪತ್ರಿಕೆಯನ್ನು ಆರಂಭಿಸಿತು. ಪಾಠದ ಪುಸ್ತಕ ಮುದ್ರಿಸುವ ಸಂಸ್ಥೆಯೇ, ಪಾಠವಲ್ಲದ ಓದೂ ತನ್ನ ಕರ್ತವ್ಯವೆಂದು ಭಾವಿಸಿತು. ಅದೇ ಸಂಸ್ಥೆ ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಮಕ್ಕಳಿಗೂ ಪಠ್ಯಪುಸ್ತಕಗಳನ್ನು ಕನ್ನಡದಲ್ಲಿ ಪ್ರಕಟಿಸುತ್ತ ಬಂದಿದೆ ಎಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ನಾವು ನಮ್ಮ ಮಕ್ಕಳಿಗೆ ಮರಾಠಿ ಪುಸ್ತಕಗಳನ್ನೂ ಓದಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ನೆರೆಯವರ ಕಥೆಯನ್ನು ಪ್ರೀತಿಸಲು ಕಲಿತ ಮಗು ತನ್ನ ಕಥೆಯನ್ನು ಕೀಳೆಂದು ಭಾವಿಸುವುದಿಲ್ಲ.

ಕನ್ನಡದಲ್ಲಿ ಆ ಸೇತುವೆ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಪುಸ್ತಕಗಳ ಮೇಲೆ 'ಕಿಶೋರ ಸಾಹಿತ್ಯ' ಎಂಬ ಚೀಟಿ ಅಂಟಿಸಲಿಲ್ಲ. ಆದರೆ ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಹೊಕ್ಕುವ 'ಕರ್ವಾಲೊ' (1980), ಕಿವಿ ಎಂಬ ನಾಯಿ ಓಡಾಡುವ 'ಪರಿಸರದ ಕಥೆ' (1991), ಕೆನೆತ್ ಆಂಡರ್ಸನ್ ಆಧರಿಸಿದ ಕಾಡಿನ ಕಥೆಗಳು, ಇವನ್ನು ನಮ್ಮ ಹದಿಹರೆಯದವರ ಎದುರಿಗೆ ಗಟ್ಟಿಯಾಗಿ ಓದಿದಾಗ ಆಗುವ ಪರಿಣಾಮವನ್ನು ಈ ಶಿಬಿರದಲ್ಲಿ ಅಭ್ಯಾಸ ಪಾಠ ಮಾಡಿದವರೆಲ್ಲ ಕಂಡಿದ್ದೀರಿ. ತೇಜಸ್ವಿಯವರ ವಾಕ್ಯ ಗಿಡ್ಡ, ನೋಟ ಉದ್ದ. ಅವರು ಓದುಗನಿಗೆ ಬುದ್ಧಿ ಹೇಳುವುದಿಲ್ಲ. ಜೊತೆಗೆ ನಡೆದು ಬೆರಳು ಮಾಡಿ ತೋರಿಸುತ್ತಾರೆ. ಎರಡು ವಯಸ್ಸಿನ ಓದುಗನಿಗೆ ಬೇಕಾದ ಗದ್ಯದ ಲಕ್ಷಣ ಇದೇ: ಸರಳವಾದ ವಾಕ್ಯ, ಸರಳವಲ್ಲದ ವಿಷಯ.

ಇದಕ್ಕೆ ವಿರುದ್ಧವಾದ ಪುಸ್ತಕಗಳೂ ಆ ಮೂವತ್ತರಲ್ಲಿ ಇದ್ದವು. ಹೆಸರು ಹೇಳುವ ಅಗತ್ಯವಿಲ್ಲ. ಪ್ರತಿ ಕಥೆಯ ಕೊನೆಯಲ್ಲೂ ದಪ್ಪ ಅಕ್ಷರದಲ್ಲಿ ನೀತಿ ಮುದ್ರಿಸಿದ ಪುಸ್ತಕಗಳು; ಒಳ್ಳೆಯ ಹುಡುಗ ಮೊದಲ ಸಾಲಿನಲ್ಲೇ ಒಳ್ಳೆಯವನಾಗಿದ್ದು ಕೊನೆಯ ಸಾಲಿನಲ್ಲೂ ಹಾಗೇ ಇರುವ ಪುಸ್ತಕಗಳು; ಹುಡುಗ ಮರ ಹತ್ತುವಾಗ ಹುಡುಗಿ ಕೆಳಗೆ ನಿಂತು ಹಣ್ಣು ಹಿಡಿಯುವ ಪುಸ್ತಕಗಳು; ಊರಿನ ಕಥೆಯಾದರೂ ಕೇರಿಯಿಲ್ಲದ, ಕೂಲಿಯವರ ಮಗುವಿಗೆ ಹೆಸರೇ ಇಲ್ಲದ ಪುಸ್ತಕಗಳು. ಮಗು ಪುಸ್ತಕವನ್ನು ತೆರೆದೊಡನೆ ಮಾಡುವ ಮೊದಲ ಕೆಲಸ ಅದರಲ್ಲಿ ತನ್ನನ್ನು ಹುಡುಕುವುದು. ತನ್ನ ಹೆಸರಿನವರು, ತನ್ನ ಬಣ್ಣದವರು, ತನ್ನ ಅಡುಗೆಮನೆಯ ವಾಸನೆಯವರು ಅಲ್ಲಿ ಯಾರೂ ಸಿಗದಿದ್ದರೆ ಅದು ಮೌನವಾಗಿ ಪುಸ್ತಕವನ್ನು ಮುಚ್ಚುತ್ತದೆ. ಹಾಗೆಂದು ನಿರಾಶೆಯಾಗಬೇಕಿಲ್ಲ. ಸಾಹಿತ್ಯ ಅಕಾಡೆಮಿಯು ಬಾಲಸಾಹಿತ್ಯ ಪುರಸ್ಕಾರವನ್ನು ಆರಂಭಿಸಿದ 2010ರಲ್ಲಿ ಕನ್ನಡದ ಗೌರವ ಸಂದದ್ದು ಬೊಳುವಾರು ಮಹಮದ್ ಕುಂಞಿಯವರು ಮಕ್ಕಳಿಗಾಗಿ ಬರೆದ ಗಾಂಧಿಯ ಕಥೆಗೆ. ಪಾಪು ಗಾಂಧಿ ಬಾಪು ಗಾಂಧಿಯಾಗುವವರೆಗಿನ ದಾರಿಯನ್ನು ಅದು ಮಕ್ಕಳ ಮುಂದೆ ತೆರೆದಿಡುತ್ತದೆ. ಮಹಾತ್ಮನೂ ಒಂದು ಕಾಲಕ್ಕೆ ಪುಟ್ಟ ಹುಡುಗನಾಗಿದ್ದ ಎಂಬ ಅರಿವು ಮಗುವಿಗೆ ಕೊಡುವ ಧೈರ್ಯ ಸಣ್ಣದಲ್ಲ.

ಶಿಕ್ಷಕರ ಬಗೆಗಿನ ಎರಡು ಪುಸ್ತಕಗಳನ್ನು ಪ್ರಸ್ತಾಪಿಸದೆ ಈ ಭಾಗವನ್ನು ಮುಗಿಸಲಾರೆ. ಒಂದು, ಗುಜರಾತಿನ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ'. 1932ರಲ್ಲಿ ಬಂದ ಕೃತಿ. ವಕೀಲಿಯನ್ನು ಬಿಟ್ಟು ಶಿಕ್ಷಣಕ್ಕೆ ಬಂದು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಕಟ್ಟಿದವರು ಅವರು. ಅವರೊಡನೆ ದುಡಿದ ತಾರಾಬಾಯಿ ಮೋಡಕರು ಆ ಕೆಲಸವನ್ನು ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳ ಆದಿವಾಸಿ ಮಕ್ಕಳವರೆಗೆ ತಂದರು. 'ದಿವಾಸ್ವಪ್ನ'ದ ಶಿಕ್ಷಕ ನಾಲ್ಕನೆಯ ತರಗತಿಯೊಂದನ್ನು ಒಂದು ವರ್ಷದ ಪ್ರಯೋಗಕ್ಕಾಗಿ ಕೇಳಿ ಪಡೆಯುತ್ತಾನೆ. ಮೊದಲ ದಿನ ಅವನ ಮೌನದ ಆಟ ಗದ್ದಲದಲ್ಲಿ ಮುಳುಗುತ್ತದೆ. ಮರುದಿನ ಅವನು ಕಥೆ ಹೇಳಲು ಕುಳಿತಾಗ, ಅದೇ ಮಕ್ಕಳು ಗಂಟೆ ಬಾರಿಸಿದರೂ ಏಳುವುದಿಲ್ಲ. ಶಿಸ್ತು ಕಥೆಯ ಬೆನ್ನು ಹತ್ತಿ ಬರುತ್ತದೆ, ಓದು ಕಥೆಯ ಬೆನ್ನು ಹತ್ತಿ ಬರುತ್ತದೆ, ತರಗತಿಯ ಪುಟ್ಟ ಗ್ರಂಥಾಲಯ ಅದರ ಹಿಂದೆ ಬರುತ್ತದೆ. ಈ ಕ್ರಮವನ್ನು ನಾವು ತಲೆಕೆಳಗು ಮಾಡಿದ್ದೇವೆ: ಮೊದಲು ಶಿಸ್ತು, ಆಮೇಲೆ ವರ್ಣಮಾಲೆ, ಸಮಯ ಉಳಿದರೆ ಕಥೆ.

ಇನ್ನೊಂದು, ಜಪಾನಿನ ತೆತ್ಸುಕೊ ಕುರೊಯಾನಗಿ ಅವರು 1981ರಲ್ಲಿ ಪ್ರಕಟಿಸಿದ 'ತೊತ್ತೊಚಾನ್'. ಒಂದನೆಯ ತರಗತಿಯಲ್ಲೇ ಶಾಲೆಯಿಂದ ಹೊರಹಾಕಲ್ಪಟ್ಟ ಪುಟ್ಟ ಹುಡುಗಿಯನ್ನು ಹೊಸ ಶಾಲೆಯ ಮುಖ್ಯೋಪಾಧ್ಯಾಯ ಕೊಬಾಯಾಶಿ ಎದುರಿಗೆ ಕೂರಿಸಿಕೊಂಡು, ನಿನಗೆ ಹೇಳಬೇಕೆನಿಸಿದ್ದನ್ನೆಲ್ಲ ಹೇಳು ಎನ್ನುತ್ತಾರೆ. ಮಗು ನಾಲ್ಕು ಗಂಟೆ ಮಾತನಾಡುತ್ತದೆ; ಅವರು ಒಮ್ಮೆಯೂ ಆಕಳಿಸದೆ ಕೇಳುತ್ತಾರೆ. ರೈಲುಡಬ್ಬಿಗಳಲ್ಲಿ ಪಾಠ ನಡೆಯುತ್ತಿದ್ದ ಆ ಶಾಲೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಕೇಳಿಸಿಕೊಂಡ ಆ ನಾಲ್ಕು ಗಂಟೆ ಮಾತ್ರ ಪುಸ್ತಕವಾಗಿ ಉಳಿಯಿತು. ನಮ್ಮ ತರಗತಿಯ ಮಕ್ಕಳು ಒಡಕು ಕನ್ನಡದಲ್ಲಿ, ನಡುವೆ ಮರಾಠಿ ಇಂಗ್ಲಿಷ್ ಬೆರೆಸಿ ಏನಾದರೂ ಹೇಳತೊಡಗಿದಾಗ ನಾವು ಏನು ಮಾಡುತ್ತೇವೆ? ಅರ್ಧದಲ್ಲೇ ತಡೆದು 'ಹಾಗಲ್ಲ, ಹೀಗೆ ಹೇಳು' ಎನ್ನುತ್ತೇವೆ. ತಿದ್ದುವ ಕೆಲಸಕ್ಕೆ ಮುಂದೆ ಬೇಕಾದಷ್ಟು ಸಮಯವಿದೆ. ಕೇಳುವ ಕೆಲಸಕ್ಕೆ ಇರುವುದು ಆ ಒಂದು ಗಳಿಗೆ.

ಈಗ ಸ್ವಲ್ಪ ಸಾರ್ವಜನಿಕ ನೀತಿಯ ಮಾತು. ವೃತ್ತಿಯ ಕಾರಣದಿಂದ ಅದನ್ನು ಬಿಡಲಾರೆ. 1956ರ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆ. 2014ರಲ್ಲಿ ಕರ್ನಾಟಕದ ಭಾಷಾ ಮಾಧ್ಯಮದ ಪ್ರಕರಣದಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಹೇರಲಾಗದೆಂದು, ಆಯ್ಕೆ ಮಗುವಿನದು ಮತ್ತು ಅದರ ಪರವಾಗಿ ಪೋಷಕರದೆಂದು ತೀರ್ಪಿತ್ತಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಾದೆಡೆಯಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನ ಅಥವಾ ಸ್ಥಳೀಯ ಭಾಷೆಯ ಮಾಧ್ಯಮವನ್ನು ಬಯಸಿತು. ಎಲ್ಲ ಭಾರತೀಯ ಭಾಷೆಗಳಲ್ಲೂ ಮಕ್ಕಳು ಸಂತೋಷದಿಂದ ಓದುವ ಪುಸ್ತಕಗಳು ಬರಬೇಕೆಂದೂ ಹೇಳಿತು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ತಿಳಿಯುವುದೇನು? ಕಾನೂನು ಶಾಲೆಯ ಬಾಗಿಲನ್ನು ತೆರೆದಿಡಬಲ್ಲದು. ಆದರೆ ಆ ಬಾಗಿಲನ್ನು ಹೊಕ್ಕುವುದು ಬಿಡುವುದು ಮಗುವಿನ, ಪೋಷಕರ ಇಚ್ಛೆ. ಇಚ್ಛೆಯನ್ನು ಆದೇಶದಿಂದ ಹುಟ್ಟಿಸಲಾಗದು. ಒಂದು ಒಳ್ಳೆಯ ಕಥೆಪುಸ್ತಕ ಅದನ್ನು ಹುಟ್ಟಿಸಬಲ್ಲದು.

2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರ ಒಂದರಲ್ಲೇ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 10 ಲಕ್ಷ. ಇಷ್ಟು ಜನರ ಮಕ್ಕಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಪುಸ್ತಕಗಳೆಷ್ಟು? ನಮ್ಮ ಸಂಘಗಳು ರಾಜ್ಯೋತ್ಸವಕ್ಕೆ ಮಂಟಪ ಕಟ್ಟುತ್ತವೆ, ಕಲಾವಿದರನ್ನು ಕರೆಸುತ್ತವೆ, ಶಾಲು ಹೊದಿಸುತ್ತವೆ. ಅದೆಲ್ಲ ಬೇಕು, ಪರಸ್ಥಳದಲ್ಲಿ ಒಂದು ಸಂಜೆ ಒಟ್ಟಿಗೆ ಸೇರುವುದೂ ಒಂದು ಆಸರೆ. ಆದರೆ ಆ ಸಂಜೆ ಮಕ್ಕಳು ವೇದಿಕೆಯ ಮೇಲೆ ಬಾಯಿಪಾಠದ ಹಾಡು ಹೇಳಿ ಇಳಿದುಹೋಗುತ್ತಾರೆ; ಅದರ ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಚೀಟಿ ಅವರ ಅಂಗೈಯಲ್ಲಿರುತ್ತದೆ. ನಾವು ಚಪ್ಪಾಳೆ ತಟ್ಟುತ್ತೇವೆ. ಆ ಚೀಟಿಯನ್ನು ನೋಡಿಯೂ ನೋಡದಂತೆ ಇರುವ ಸಂಘಕ್ಕೆ ಇನ್ನು ಇಪ್ಪತ್ತು ವರ್ಷಗಳ ಬಳಿಕ ಸದಸ್ಯರು ಎಲ್ಲಿಂದ ಬರಬೇಕು?

ಆದ್ದರಿಂದ ಈ ಸಭೆಯ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತೇನೆ. ಇವುಗಳಿಗೆ ದೊಡ್ಡ ಅನುದಾನವಾಗಲಿ ಹೊಸ ಸಮಿತಿಯಾಗಲಿ ಬೇಕಾಗಿಲ್ಲ.

ಮೊದಲನೆಯದು, ಪ್ರತಿ ತರಗತಿಯೂ ಗಟ್ಟಿ ಓದಿನಿಂದ ಆರಂಭವಾಗಲಿ. ಹದಿನೈದು ನಿಮಿಷ ಶಿಕ್ಷಕ ಓದಲಿ, ಮಕ್ಕಳು ಕೇಳಲಿ. ಕಣ್ಣಿಗೆ ಕಷ್ಟವಾದ ವಾಕ್ಯ ಕಿವಿಗೆ ಸುಲಭ. ಎರಡು ವಯಸ್ಸಿನ ನಡುವಿನ ಅಂತರವನ್ನು ದಾಟಿಸುವ ಅತ್ಯಂತ ಅಗ್ಗದ ವಾಹನ ಶಿಕ್ಷಕನ ಕಂಠ. ಕಿವಿಯ ಮೂಲಕ 'ಕರ್ವಾಲೊ'ವನ್ನು ಪಡೆದ ಹುಡುಗ, ಮುಂದೇನಾಯಿತೆಂದು ತಿಳಿಯಲು ಒತ್ತಕ್ಷರದೊಡನೆ ತಾನೇ ಗುದ್ದಾಡುತ್ತಾನೆ.

ಎರಡನೆಯದು, ಪುಸ್ತಕದ ಪೆಟ್ಟಿಗೆ. ಬೀಗ ಹಾಕಿದ ಗಾಜಿನ ಕಪಾಟು ಬೇಡ. ಒಂದು ತಗಡಿನ ಪೆಟ್ಟಿಗೆಯಲ್ಲಿ ಐವತ್ತು ಪುಸ್ತಕ. ತಿಂಗಳಿಗೊಂದು ಬಡಾವಣೆ, ತಿಂಗಳಿಗೊಂದು ಮನೆ. ಹರಿದರೆ ಹರಿಯಲಿ. ಹರಿದ ಪುಸ್ತಕವೆಂದರೆ ಓದಲ್ಪಟ್ಟ ಪುಸ್ತಕ. ಲೆಕ್ಕಪರಿಶೋಧಕರಿಗೆ ಬೇಕಾದರೆ ನಾನು ಉತ್ತರ ಬರೆದುಕೊಡುತ್ತೇನೆ.

ಮೂರನೆಯದು, ಅಜ್ಜ ಅಜ್ಜಿಯರ ಕಥೆಗಳ ದಾಖಲೆ. ನಮ್ಮ ಮನೆಗಳಿಗೆ ಊರಿನಿಂದ ಬಂದು ಮೂರು ತಿಂಗಳು ಇದ್ದುಹೋಗುವ ಹಿರಿಯರು ಇದ್ದಾರೆ. ಅವರು ತಮ್ಮ ಕಲಬುರಗಿಯ, ಕುಂದಾಪುರದ, ಚಾಮರಾಜನಗರದ ಮಾತಿನಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಕಥೆ ಹೇಳಲಿ. ಮಕ್ಕಳು ಅದನ್ನು ತಮಗೆ ತಿಳಿದ ಕನ್ನಡದಲ್ಲಿ ಬರೆದು, ಚಿತ್ರ ಬಿಡಿಸಿ ಪುಸ್ತಕ ಕಟ್ಟಲಿ. ಗ್ರಾಂಥಿಕ ಕನ್ನಡವಷ್ಟೇ ಕನ್ನಡವೆಂಬ ಭಾವನೆಯಿಂದ ಅಜ್ಜಿಯ ಮಾತನ್ನು ತಿದ್ದಲು ಹೊರಟರೆ ಮಗು ಅಜ್ಜಿಯನ್ನೂ ಕಳೆದುಕೊಳ್ಳುತ್ತದೆ, ಕನ್ನಡವನ್ನೂ ಕಳೆದುಕೊಳ್ಳುತ್ತದೆ.

ನಾಲ್ಕನೆಯದು, ಕನ್ನಡದ ಲೇಖಕರಲ್ಲಿ ಮತ್ತು ಪ್ರಕಾಶಕರಲ್ಲಿ ಒಂದು ಬೇಡಿಕೆ. ಹೊರನಾಡಿನ ಹದಿಹರೆಯದವರಿಗಾಗಿ ಬರೆಯಿರಿ. ಕುರ್ಲಾದ ಲೋಕಲ್ ರೈಲಿನಲ್ಲಿ, ಹಡಪಸರದ ಕಾರ್ಖಾನೆಯ ವಸತಿಯಲ್ಲಿ, ಚೆನ್ನೈನ ಮೆಸ್ಸಿನಲ್ಲಿ, ದೆಹಲಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆಯುವ ಕನ್ನಡದ ಮಗುವೊಂದು ನಿಮ್ಮ ಕಥೆಯ ನಾಯಕಿಯಾಗಲಿ. ಆಕೆಗೆ ಊರೆಂದರೆ ರಜೆಯ ಹದಿನೈದು ದಿನ. ಅಲ್ಲಿ ಅವಳ ಉಚ್ಚಾರವನ್ನು ಕೇಳಿ ಸೋದರಸಂಬಂಧಿಗಳು ನಗುತ್ತಾರೆ. ಇಲ್ಲಿ ಅವಳ ಹೆಸರನ್ನು ಕೇಳಿ ಗೆಳೆಯರು 'ನೀನು ಮದ್ರಾಸಿಯೆ?' ಎನ್ನುತ್ತಾರೆ. ಎರಡೂ ಕಡೆ ಅರ್ಧ ಅತಿಥಿಯಾಗಿರುವ ಈ ಮಗುವಿನ ಕಥೆಯನ್ನು ಕನ್ನಡ ಇನ್ನೂ ಮನಸಾರೆ ಹೇಳಿಲ್ಲ. ಅದನ್ನು ಹೇಳಿದ ದಿನ, ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕುಳಿತವರು ಪುಸ್ತಕದತ್ತ ತಿರುಗುತ್ತಾರೆ.

ಮಹನೀಯರೆ, ಸರ್ಕಾರಿ ಸೇವೆಯಲ್ಲಿ ನಮಗೆ ಒಂದು ಅನುಕೂಲವಿದೆ. ನಾವು ಬರೆದ ಟಿಪ್ಪಣಿ ಸರಿಯೋ ತಪ್ಪೋ ತಿಳಿಯುವಷ್ಟರಲ್ಲಿ ನಮಗೆ ವರ್ಗವಾಗಿರುತ್ತದೆ. ಶಿಕ್ಷಕನಿಗೆ ಆ ಅನುಕೂಲವಿಲ್ಲ. ಮುಂದಿನ ಭಾನುವಾರ ಅದೇ ಮಗು ಅದೇ ಬೆಂಚಿನ ಮೇಲೆ ಬಂದು ಕೂರುತ್ತದೆ, ಅಥವಾ ಬರುವುದಿಲ್ಲ. ಹಾಜರಿ ಪುಸ್ತಕವೇ ನಮ್ಮ ಮೇಲಿನ ತೀರ್ಪು. ಮುಂದಿನ ಜೂನ್ ತಿಂಗಳಲ್ಲಿ ತರಗತಿಗಳು ಆರಂಭವಾಗುವಾಗ ಪ್ರತಿ ಶಿಕ್ಷಕನ ಚೀಲದಲ್ಲಿ ಪಠ್ಯದ ಜೊತೆಗೆ ತಾನು ಓದಿ ಮೆಚ್ಚಿದ ಒಂದು ಕಥೆಪುಸ್ತಕ ಇರಲಿ ಎಂದು ಬೇಡಿಕೊಳ್ಳುತ್ತೇನೆ.